ನೀರಿನೊಳಗಿನ ಗಾಳಿ ಕಲಿಸಿದ ಪಾಠಗಳು

ನನ್ನ ಮೇಜಿನ ಮೇಲೆ ಗೇಣುದ್ದದ ಕಬ್ಬಿಣದ ಕೊಳವೆಯ ತುಂಡೊಂದಿದೆ. ಕಾಗದ ಹಾರದಂತೆ ಹೇರಿಡಲು ಬಳಸುತ್ತೇನೆ. ಅದು ಉದ್ದಕ್ಕೆ ಸೀಳಿದ ಬಾಯ್ಲರ್ ಟ್ಯೂಬು. ಹೊರಮೈ ನೋಡಿದರೆ ಗಟ್ಟಿಮುಟ್ಟು. ಒಳಮೈಯಲ್ಲಿ ಮಾತ್ರ ಜೋಳದ ಕಾಳು ಒತ್ತಿ ತೆಗೆದಂತಹ ಗುಳಿಗಳಿವೆ, ಅದರಲ್ಲೊಂದು ಆರಪಾರ ತೂತಾಗಿದೆ. ಮೊನ್ನೆ ಮೊಮ್ಮಗಳು ಅದನ್ನು ಎತ್ತಿ ನೋಡಿ, "ಅಜ್ಜಾ, ಇದಕ್ಕ ಹುಳಾ ಹತ್ತಿದ್ವೇನು?" ಎಂದು ಕೇಳಿದಳು. ಹತ್ತಿದ್ದು ನಿಜ. ಆ ಹುಳದ ಹೆಸರು ಆಮ್ಲಜನಕ, ಮತ್ತು ಅದಕ್ಕೆ ಬಾಗಿಲು ತೆರೆದಿಟ್ಟವನು ನಾನೇ.

ಮೂಡಲಗಿ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಘಟಪ್ರಭೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಗೆ ಕೆಮಿಸ್ಟ್ ಎಂದು ಸೇರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಕಬ್ಬು ಬಿಟ್ಟರೆ ಬೇರೆ ಮಾತಿಲ್ಲ. ಹಂಗಾಮು ಬಂತೆಂದರೆ ರಸ್ತೆ ತುಂಬ ಟ್ರ್ಯಾಕ್ಟರು, ಮನೆ ತುಂಬ ಬೂದಿ. ಹೊರಗಿನವರು ಸಕ್ಕರೆ ಕಾರ್ಖಾನೆ ಎಂದರೆ ಕಬ್ಬು ಹಿಂಡುವ ಜಾಗ ಎಂದುಕೊಳ್ಳುತ್ತಾರೆ. ನಮ್ಮ ಕೆಲಸದ ಬಹುಪಾಲು ಇರುವುದು ಬೇರ್ಪಡಿಸುವುದರಲ್ಲಿ: ರಸದಿಂದ ಮಡ್ಡಿ, ರಸದಿಂದ ನೀರು, ನೀರಿನಿಂದ ಉಪ್ಪು, ನೀರಿನಿಂದ ಗಾಳಿ. ಈ ಕೊನೆಯದನ್ನು ನಾನು ಬಹಳ ತಡವಾಗಿ ಗಂಭೀರವಾಗಿ ತೆಗೆದುಕೊಂಡೆ. ಕೆಳಗಿರುವುದು ಪರಿಣತನ ಉಪದೇಶವಲ್ಲ, ಪೆಟ್ಟು ತಿಂದವನ ಪಟ್ಟಿ.

1. ಕಣ್ಣಿಗೆ ತಿಳಿಯಾಗಿ ಕಂಡದ್ದು ಶುದ್ಧವೆಂದು ನಂಬಿದೆ

ಮೊದಲ ಹಂಗಾಮಿನಲ್ಲಿ ನನ್ನ ಜಗತ್ತೆಲ್ಲ ಗಡಸುತನದ ಸುತ್ತ ತಿರುಗುತ್ತಿತ್ತು. ನಮ್ಮ ಭಾಗದ ಕೊಳವೆಬಾವಿ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರು ಕಟ್ಟುವುದನ್ನು ಎಲ್ಲ ಮನೆಯವರೂ ಬಲ್ಲರು. ಅದೇ ಪದರು ಬಾಯ್ಲರಿನ ಟ್ಯೂಬಿನಲ್ಲಿ ಕಟ್ಟಿದರೆ ಟ್ಯೂಬು ಕಾದು ಉಬ್ಬಿ ಒಡೆಯುತ್ತದೆ. ಅದಕ್ಕೇ ಸಾಫ್ಟ್‌ನರ್ ಇರುವುದು. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ದಿನಕ್ಕೆ ನಾಲ್ಕು ಸಲ ಪರೀಕ್ಷೆ ಮಾಡಿ, ಬಣ್ಣ ನೀಲಿಗೆ ತಿರುಗಿದ ಕೂಡಲೇ ರೆಜಿಸ್ಟರಿನಲ್ಲಿ "ಗಡಸುತನ: ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ಗಾಜಿನ ಲೋಟದಲ್ಲಿ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಆ ಲೋಟದ ನೀರಿನಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗಿ ಕೂತಿತ್ತು. 30 ಡಿಗ್ರಿ ಬಿಸಿಯ ಯಾವುದೇ ಬಯಲು ನೀರಿನಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಮೀನಿಗೆ ಅದೇ ಜೀವ, ಕಬ್ಬಿಣಕ್ಕೆ ಅದೇ ಸಾವು. ಸಾಫ್ಟ್‌ನರ್ ಅದನ್ನು ಮುಟ್ಟುವುದೂ ಇಲ್ಲ. ಮುಂದಿನ ವರ್ಷ ಬಾಯ್ಲರ್ ತೆರೆದಾಗ ಟ್ಯೂಬುಗಳಲ್ಲಿ ಪದರು ಇರಲಿಲ್ಲ. ನಾನು ಎದೆ ಉಬ್ಬಿಸಿದೆ. ಫೋರ್‌ಮನ್ ಸಾಹೇಬರು ಏನೂ ಮಾತಾಡದೆ ಟ್ಯೂಬಿನ ಒಳಗೆ ಕಂಡ ಕೆಂಪು ಗುಬುಟೊಂದನ್ನು ಚಾಕುವಿನ ತುದಿಯಿಂದ ಎಬ್ಬಿಸಿದರು. ಮೇಲೆ ಇಟ್ಟಿಗೆ ಬಣ್ಣದ ಟೊಪ್ಪಿಗೆ, ಅದರಡಿ ಕಾಡಿಗೆಯಂಥ ಕಪ್ಪು ಪುಡಿ. ಪುಡಿ ಊದಿದ ಮೇಲೆ ಗುಂಡಗೆ ಕೊರೆದ ಗುಳಿ, ತಳದಲ್ಲಿ ಹೊಳೆಯುವ ಲೋಹ. "ಪದರು ಇಲ್ಲ ಖರೆ, ಟ್ಯೂಬೂ ಉಳ್ಯಂಗಿಲ್ಲ" ಎಂದರು. ತುಕ್ಕು ಎಲ್ಲ ಕಡೆ ಸಮನಾಗಿ ಹಿಡಿದರೆ ಟ್ಯೂಬು ಎಷ್ಟೋ ವರ್ಷ ಬಾಳುತ್ತದೆ. ಆಮ್ಲಜನಕ ಹಾಗೆ ಮಾಡುವುದಿಲ್ಲ, ಒಂದೇ ಜಾಗ ಹಿಡಿದು ಕೊರೆಯುತ್ತದೆ.

2. ಹಬೆ ಉಳಿಸಲು ಹೋಗಿ ವೆಂಟ್ ಮುಚ್ಚಿದೆ

ಇದು ನನ್ನ ಅತಿ ದೊಡ್ಡ ತಪ್ಪು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಾಯ್ಲರಿಗೆ ಹೋಗುವ ನೀರಿನಿಂದ ಗಾಳಿ ತೆಗೆಯುವ ಯಂತ್ರಕ್ಕೆ ಡಿಏರೇಟರ್ ಎನ್ನುತ್ತೇವೆ. ಮೇಲಿನಿಂದ ನೀರು ಸಣ್ಣ ಹನಿಯಾಗಿ ಸಿಡಿದು ತಟ್ಟೆಯಿಂದ ತಟ್ಟೆಗೆ ಇಳಿಯುತ್ತದೆ, ಕೆಳಗಿನಿಂದ ಹಬೆ ಏರುತ್ತದೆ. ನೀರು ಪೂರ್ತಿ ಕುದಿಬಿಂದುವಿಗೆ ಬಂದಾಗ ಅದರಲ್ಲಿ ಗಾಳಿಗೆ ಜಾಗವಿರುವುದಿಲ್ಲ. ಹೊರಬಿದ್ದ ಗಾಳಿ ನೆತ್ತಿಯ ಸಣ್ಣ ಕೊಳವೆಯಿಂದ, ಅಂದರೆ ವೆಂಟಿನಿಂದ, ಆಚೆ ಹೋಗಬೇಕು. ಗಾಳಿಯೊಂದೇ ಹೋಗು ಎಂದರೆ ಹೋಗುವುದಿಲ್ಲ, ಜೊತೆಗೆ ಒಂದಿಷ್ಟು ಹಬೆಯನ್ನೂ ಕರೆದುಕೊಂಡು ಹೋಗುತ್ತದೆ. ಚೆನ್ನಾಗಿ ನಡೆಯುವ ಡಿಏರೇಟರ್ ಆಮ್ಲಜನಕವನ್ನು ಲೀಟರಿಗೆ 0.007 ಮಿಲಿಗ್ರಾಂಗೆ ಇಳಿಸುತ್ತದೆ. 7.5 ಎಲ್ಲಿ, 0.007 ಎಲ್ಲಿ? ಸಾವಿರ ಪಟ್ಟು ಕಡಿಮೆ.

ನಾನು ಹೊಸ ಹುರುಪಿನಲ್ಲಿ ಹಬೆ ಉಳಿತಾಯದ ಲೆಕ್ಕ ಮಾಡುತ್ತಿದ್ದ ಕಾಲ ಅದು. ಕಟ್ಟಡದ ನೆತ್ತಿಯಲ್ಲಿ ಹಗಲೂ ರಾತ್ರಿ ಎರಡು ಮೊಳ ಉದ್ದದ ಬಿಳಿ ಜುಟ್ಟು ಏಳುವುದನ್ನು ನೋಡಿ ಹೊಟ್ಟೆ ಉರಿಯಿತು. ಹಬೆ ಎಂದರೆ ಬಾಯ್ಲರಿಗೆ ಉರಿಸುವ ಕಬ್ಬಿನ ಸಿಪ್ಪೆ, ಅಂದರೆ ಬಗಾಸು. ಬಗಾಸು ಎಂದರೆ ದುಡ್ಡು. ಏಣಿ ಹತ್ತಿ ವಾಲ್ವನ್ನು ತಿರುಗಿಸಿ ಬಂದೆ. ಜುಟ್ಟು ಮಾಯವಾಯಿತು. ಮೇಲಿನವರ ಎದುರು ಉಳಿತಾಯದ ಲೆಕ್ಕ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡೆ.

ಬಾಯ್ಲರ್ ಫೈರ್‌ಮನ್ ಒಬ್ಬರಿದ್ದರು. ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಸಾಹೇಬ್ರ, ಅದು ಉಸಿರು ಆಡೂ ಜಾಗಾರಿ. ಮೂಗು ಮುಚ್ಚಿದ್ರ ಹೆಂಗ?" ಎಂದರು. ಅವರು ಶಾಲೆ ಬಿಟ್ಟವರು, ನಾನು ಪದವಿ ಪಡೆದವನು. ನಕ್ಕು ಸುಮ್ಮನಾದೆ.

ಒಂದು ಸುಳಿವು ಯಂತ್ರವೇ ಕೊಟ್ಟಿತ್ತು. ಒತ್ತಡದ ಗೇಜು ಎಂದಿನಂತೆ 0.3 ಕೆ.ಜಿ. ತೋರಿಸುತ್ತಿತ್ತು. ಆ ಒತ್ತಡಕ್ಕೆ ಉಷ್ಣತೆ 105 ಡಿಗ್ರಿಯ ಆಸುಪಾಸು ಇರಬೇಕು, ಇದ್ದದ್ದು 101. ಥರ್ಮಾಮೀಟರ್ ಕೆಟ್ಟಿದೆ ಎಂದು ಬರೆದು ಬಿಟ್ಟೆ. ಕೆಟ್ಟಿರಲಿಲ್ಲ. ಒಳಗಿನ ಒತ್ತಡದಲ್ಲಿ ಒಂದು ಪಾಲು ಹಬೆಯದಲ್ಲ, ಹೋಗಲು ದಾರಿಯಿಲ್ಲದೆ ತುಂಬಿಕೊಂಡ ಗಾಳಿಯದಾಗಿತ್ತು. ಹೊರಬಂದ ಗಾಳಿ ಮತ್ತೆ ನೀರಿಗೇ ಇಳಿಯುತ್ತಿತ್ತು. ಮೇಜಿನ ಮೇಲಿರುವ ಟ್ಯೂಬು ಆ ಹಂಗಾಮಿನದು. ನಡುರಾತ್ರಿ ಲೀಕ್ ಆಗಿ, ಮಿಲ್ಲು ನಿಂತು, ಗೇಟಿನ ಹೊರಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿದವು. ಚಳಿಯಲ್ಲಿ ಗಾಡಿಯಡಿ ಮಲಗಿದ್ದ ರೈತರ ಮುಂದೆ ಹಾದುಹೋಗುವಾಗ ತಲೆ ಎತ್ತಲಾಗಲಿಲ್ಲ. ನಾನು ಉಳಿಸಿದ ಹಬೆಯ ಬೆಲೆ ಆ ಒಂದು ರಾತ್ರಿಯ ನಷ್ಟಕ್ಕೆ ಸಾಟಿಯೇ ಅಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಗಾದೆ ಬಾಯ್ಲರ್ ಮನೆಯಲ್ಲೇ ಹುಟ್ಟಿರಬೇಕು.

3. ಒಂದು ಅನಿಲವನ್ನು ಓಡಿಸಲು ಇನ್ನೊಂದನ್ನು ಕರೆತರಬೇಕಾಗುತ್ತದೆ

ವಿದ್ಯುತ್ ಮಾಡುವ ಹೆಚ್ಚಿನ ಒತ್ತಡದ ಬಾಯ್ಲರ್ ಬಂದಾಗ ಸಾಫ್ಟ್‌ನರ್ ಸಾಲದಾಯಿತು, ನೀರಿನ ಉಪ್ಪನ್ನೆಲ್ಲ ತೆಗೆಯುವ ಡಿ.ಎಂ. ಪ್ಲಾಂಟ್ ಬಂತು. ಅದರ ನಡುವೆ ಡಿಗ್ಯಾಸರ್ ಎಂಬ ಗೋಪುರವಿದೆ. ಮೊದಲ ರಾಳ ದಾಟಿದ ನೀರು ಹುಳಿಯಾಗಿರುತ್ತದೆ, ಅದರಲ್ಲಿದ್ದ ಬೈಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಬದಲಾಗಿರುತ್ತದೆ. ಗೋಪುರದಲ್ಲಿ ನೀರು ಮೇಲಿನಿಂದ ಇಳಿಯುವಾಗ ಬ್ಲೋವರ್ ಕೆಳಗಿನಿಂದ ಗಾಳಿ ಊದಿ ಆ ಅನಿಲವನ್ನು ಎಬ್ಬಿಸಿ ಒಯ್ಯುತ್ತದೆ.

ಒಂದು ರಾತ್ರಿ ಬ್ಲೋವರಿನ ಬೆಲ್ಟು ಹರಿಯಿತು. "ನೀರು ಹೆಂಗೂ ಬರಾಕತ್ತೈತಿ, ಮುಂಜಾನೆ ನೋಡೋಣು" ಎಂದು ನಿದ್ದೆಗೆ ಹೋದೆ. ಬೆಳಗಾಗುವಷ್ಟರಲ್ಲಿ ಮುಂದಿನ ರಾಳ ಆ ಅನಿಲದ ಹೊರೆಯನ್ನೆಲ್ಲ ತಾನೇ ಹೊತ್ತು ಸುಸ್ತಾಗಿ ಕೈಚೆಲ್ಲಿತ್ತು. ಒಂದು ಬೆಲ್ಟಿನ ಕೆಲಸಕ್ಕೆ, ರಾಳವನ್ನು ಚೇತರಿಸಲು, ಎಷ್ಟೋ ಚೀಲ ಕಾಸ್ಟಿಕ್ ಖರ್ಚಾಯಿತು.

ಆಮೇಲೆ ಕುಳಿತು ಯೋಚಿಸಿದಾಗ ಮಜಾ ಅನ್ನಿಸಿದ್ದು ಬೇರೆ. ಗಾಳಿ ತೆಗೆಯುವ ಗೋಪುರಕ್ಕೆ ಗಾಳಿಯನ್ನೇ ಏಕೆ ಊದುತ್ತೇವೆ? ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟ ನಿಯಮವಿದು: ನೀರಿನ ಮೇಲೆ ಯಾವ ಅನಿಲ ಎಷ್ಟು ಒತ್ತಿ ನಿಂತಿದೆಯೋ ಅದಕ್ಕೆ ತಕ್ಕಂತೆ ಅದು ಒಳಗೆ ಕರಗಿರುತ್ತದೆ. ಗೋಲಿ ಸೋಡಾದ ಗೋಲಿ ಒಳಗೆ ತಳ್ಳಿದ ಕೂಡಲೇ ಬುಸ್ ಎನ್ನುವುದು ಇದಕ್ಕೇ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು ಮಾತ್ರ, ಆದ್ದರಿಂದ ಅದು ನೀರು ಬಿಟ್ಟು ಎದ್ದು ಹೋಗುತ್ತದೆ. ಆಮ್ಲಜನಕ ಶೇ. 21ರಷ್ಟಿದೆ, ಅದು ಹೊಟ್ಟೆ ತುಂಬ ಒಳಗಿಳಿಯುತ್ತದೆ. ಕಳ್ಳನನ್ನು ಓಡಿಸಿದ ಕಾವಲುಗಾರ ತಾನೇ ಮನೆಯಲ್ಲಿ ಕೂತ ಹಾಗೆ. ಅವನನ್ನು ಹೊರಗೆ ಹಾಕಲು ಮುಂದೆ ಡಿಏರೇಟರ್ ಬೇಕು. ಯಾವ ಯಂತ್ರ ಯಾವುದನ್ನು ತೆಗೆಯುತ್ತದೆ ಎಂಬುದರ ಜೊತೆಗೆ ಏನನ್ನು ಸೇರಿಸುತ್ತದೆ ಎಂದೂ ಕೇಳಬೇಕು ಎಂಬುದನ್ನು ಅಲ್ಲಿ ಕಲಿತೆ.

4. ಮಾದರಿ ಹಿಡಿಯಲು ಬಾರದೆ ಯಂತ್ರವನ್ನು ಬೈದೆ

ನೀರಿನ ಆಮ್ಲಜನಕ ಅಳೆಯಲು ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನ ಇಂದಿಗೂ ನಡೆಯುತ್ತದೆ. ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಹಾಕಿದಾಗ ಬಾಟಲಿಯಲ್ಲಿ ಗಷ್ಟು ಏಳುತ್ತದೆ. ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲ, ಚಹಾದ ಬಣ್ಣಕ್ಕೆ ತಿರುಗಿದರೆ ಇದೆ. ನಾನು ಕುದಿನೀರನ್ನು ಮಗ್ಗಿನಲ್ಲಿ ಹಿಡಿದು, ಆರಲಿ ಎಂದು ಕಿಟಕಿಯಲ್ಲಿಟ್ಟು, ಬಾಟಲಿಗೆ ಸುರಿದು ಪರೀಕ್ಷೆ ಮಾಡಿದೆ. ಕಡು ಕಂದು! ಡಿಏರೇಟರ್ ದಂಡ ಎಂದು ವರದಿ ಬರೆದೆ. ತಯಾರಕರ ಇಂಜಿನಿಯರ್ ದೂರದಿಂದ ಬಂದರು, ನನ್ನ ಮಗ್ಗನ್ನು ನೋಡಿದರು, ಚಹಾ ಕುಡಿದರು, ಹೋದರು. ಬೈಯಲಿಲ್ಲ. ಅದೇ ಹೆಚ್ಚು ನಾಚಿಕೆ.

ಆರಿದ ನೀರು ಗಾಳಿಯನ್ನು ಕುಡಿದುಬಿಡುತ್ತದೆ. ಮಾದರಿಯನ್ನು ತಣ್ಣೀರಿನ ಸುರುಳಿಯಲ್ಲಿ ಹಾಯಿಸಿ, ನಳಿಗೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಬಾಟಲಿ ಎರಡು ಮೂರು ಸಲ ತುಂಬಿ ಚೆಲ್ಲುವ ತನಕ ಬಿಟ್ಟು, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಹಾಕಬೇಕು. ಅದಕ್ಕೂ ಮಿಗಿಲಾಗಿ, ಲೀಟರಿಗೆ 0.007 ಮಿಲಿಗ್ರಾಂನಷ್ಟು ಸಣ್ಣ ಲೆಕ್ಕಕ್ಕೆ ಸಾದಾ ವಿಂಕ್ಲರ್ ಸಾಲದು, ಅದಕ್ಕೆಂದೇ ಬರುವ ಬಣ್ಣದ ಗಾಜಿನ ನಳಿಗೆಗಳೋ ಮೀಟರೋ ಬೇಕು. ಈಗ ಹೊಸ ಹುಡುಗರಿಗೆ ಮೊದಲ ವಾರ ಪರೀಕ್ಷೆ ಕಲಿಸುವುದಿಲ್ಲ, ಬಾಟಲಿ ತುಂಬುವುದನ್ನು ಕಲಿಸುತ್ತೇನೆ.

5. ಟ್ಯಾಂಕಿನೊಳಗೆ ಗೋಕಾಕ ಫಾಲ್ಸ್ ಕಟ್ಟಿದೆ

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆಗಾಲದಲ್ಲಿ ತೂಗುಸೇತುವೆಯ ಮೇಲೆ ನಿಂತರೆ ತುಂತುರಿನಲ್ಲಿ ಅಂಗಿ ನೆನೆಯುತ್ತದೆ. ಬಿದ್ದ ನೀರು ಗಾಳಿಯನ್ನು ಕಲಸಿಕೊಂಡು ನೊರೆಯಾಗಿ ಮುಂದೆ ಹರಿಯುತ್ತದೆ. ನದಿಗೆ ಅದು ಆರೋಗ್ಯ.

ಒಂದು ಬೇಸಿಗೆ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ತಲೆಗೆ ಹೊಳೆಯಿತು: ಬಾಯ್ಲರಿನ ನೀರು ಕೂಡಿಡುವ ನಮ್ಮ ಫೀಡ್ ಟ್ಯಾಂಕಿನಲ್ಲೂ ಇಂಥದೇ ಒಂದು ಫಾಲ್ಸ್ ಇದೆಯಲ್ಲ! ಹಬೆ ತಣಿದು ವಾಪಸ್ ಬರುವ ಬಿಸಿನೀರು, ಅಂದರೆ ಕಂಡೆನ್ಸೇಟು, ಗಾಳಿ ಬಹುತೇಕ ಇಲ್ಲದ ಒಳ್ಳೆಯ ನೀರು. ಅದನ್ನು ತರುವ ಪೈಪನ್ನು ನಾನೇ ನಿಂತು ಟ್ಯಾಂಕಿನ ಬಾಯಿಯ ಮೇಲೆ ಹಾಕಿಸಿದ್ದೆ. ನೀರು ಬೀಳುವುದು ಕಣ್ಣಿಗೆ ಕಾಣಲಿ ಎಂಬುದು ನನ್ನ ಜಾಣತನ. ಹತ್ತು ಅಡಿ ಮೇಲಿನಿಂದ ಧಬಧಬ ಬಿದ್ದು, ದಾರಿಯಲ್ಲಿ ಸಿಕ್ಕ ಗಾಳಿಯನ್ನೆಲ್ಲ ಒಳಗೆ ಎಳೆಯುತ್ತಿತ್ತು. ಪೈಪನ್ನು ನೀರಿನ ಮಟ್ಟದ ಕೆಳಗೆ ಇಳಿಸಿ, ಟ್ಯಾಂಕಿಗೆ ಮುಚ್ಚಳ ಹಾಕಿಸಿದೆವು. ಟ್ಯಾಂಕನ್ನು ಆರಗೊಡಲಿಲ್ಲ. 80 ಡಿಗ್ರಿಯ ನೀರಿನಲ್ಲಿ ಆಮ್ಲಜನಕ ಲೀಟರಿಗೆ ಸುಮಾರು 3 ಮಿಲಿಗ್ರಾಂ ಮಾತ್ರ ನಿಲ್ಲಬಲ್ಲದು. ವೆಲ್ಡರನ ಅರ್ಧ ದಿನದ ಕೂಲಿಯಲ್ಲಿ ಮುಗಿದ ಕೆಲಸ. ನಾನು ಅದಕ್ಕೆ ತೆಗೆದುಕೊಂಡಿದ್ದು ಆರು ವರ್ಷ.

6. ಯಂತ್ರ ಮಾಡಬೇಕಾದ್ದನ್ನು ಔಷಧಿಗೆ ವಹಿಸಿದೆ

ಡಿಏರೇಟರ್ ಬಿಟ್ಟ ಚೂರುಪಾರು ಆಮ್ಲಜನಕವನ್ನು ಹಿಡಿಯಲು ಸೋಡಿಯಂ ಸಲ್ಫೈಟ್ ಹಾಕುತ್ತೇವೆ. 1 ಮಿಲಿಗ್ರಾಂ ಆಮ್ಲಜನಕಕ್ಕೆ ಹೆಚ್ಚುಕಡಿಮೆ 8 ಮಿಲಿಗ್ರಾಂ ಸಲ್ಫೈಟ್ ಬೇಕು. ಡಿಏರೇಟರ್ ಸರಿ ಇದ್ದಾಗ ಇದು ಚಿಟಿಕೆ ಲೆಕ್ಕ. ಅದು ಕೈಕೊಟ್ಟಾಗ "ಔಷಧಿ ಏರಿಸಿ" ಎಂದು ಆದೇಶ ಕೊಟ್ಟೆ. ಆಮ್ಲಜನಕವೇನೋ ಇಳಿಯಿತು. ಆದರೆ ಸಲ್ಫೈಟು ಸಲ್ಫೇಟಾಗಿ ಬಾಯ್ಲರಿನಲ್ಲೇ ಉಳಿಯುತ್ತದೆ. ನೀರಿನ ಉಪ್ಪು ದಿನದಿನಕ್ಕೆ ಏರಿತು. ಉಪ್ಪು ಏರಿದರೆ ತಳದಿಂದ ನೀರು ಬಿಡಬೇಕು, ಅದೇ ಬ್ಲೋಡೌನ್. ಅಷ್ಟು ಕಾದ ನೀರನ್ನು ಚೆಲ್ಲುವುದೇ? ಮತ್ತೆ ಅದೇ ಜಿಪುಣ ಬುದ್ಧಿ. ಬಿಡಲಿಲ್ಲ. ನೀರು ನೊರೆಗಟ್ಟಿ ಹಬೆಯ ಜೊತೆ ಹಾರಿ, ಟರ್ಬೈನಿನ ಎಲೆಗಳ ಮೇಲೆ ಉಪ್ಪು ಬಿಳಿಯಾಗಿ ಕೂತಿತು. ವೆಂಟ್, ಬ್ಲೋಡೌನ್ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ತಿಳಿಯಿತು: ಎರಡೂ ತಪ್ಪುಗಳು ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಸ್ವಲ್ಪ ಚೆಲ್ಲಲು ಮನಸ್ಸಿಲ್ಲದವನಿಗೆ ಶುದ್ಧಿ ಸಿಗುವುದಿಲ್ಲ.

7. ರಸದಲ್ಲೂ ಗಾಳಿ ಇರುತ್ತದೆಂಬುದನ್ನು ಮರೆತೆ

ಕಬ್ಬಿನ ರಸ ತಿಳಿಯಾಗಲು ಅದನ್ನು ಸುಮಾರು 70 ಡಿಗ್ರಿಗೆ ಕಾಯಿಸಿ, ಸುಣ್ಣದ ಹಾಲು ಮತ್ತು ಗಂಧಕದ ಹೊಗೆ ಹಾಯಿಸಿ, ಪಿ.ಎಚ್. 7ರ ಹತ್ತಿರ ತಂದು, ಮತ್ತೆ 102ರಿಂದ 105 ಡಿಗ್ರಿವರೆಗೆ ಕಾಯಿಸುತ್ತೇವೆ. ಆಮೇಲೆ ಅದು ಫ್ಲ್ಯಾಶ್ ಟ್ಯಾಂಕ್ ಎಂಬ ಡಬ್ಬಿಗೆ ಹೋಗಿ ಭುಸ್ ಎಂದು ಕುದಿದು, ಅಲ್ಲಿಂದ ಶಾಂತವಾಗಿ ಕ್ಲಾರಿಫೈಯರಿಗೆ ಇಳಿಯುತ್ತದೆ. ಮಡ್ಡಿ ತಳಕ್ಕೆ ಕೂರುತ್ತದೆ, ತಿಳಿ ರಸ ಮೇಲಿನಿಂದ ಹರಿಯುತ್ತದೆ.

ಒಂದು ದಿನ ಹಬೆ ಕಡಿಮೆ ಬಿತ್ತು. 96 ಡಿಗ್ರಿಗೇ ರಸ ಬಿಟ್ಟೆ. ಒಂಬತ್ತು ಡಿಗ್ರಿಯಲ್ಲಿ ಏನಾದೀತು ಎಂದುಕೊಂಡೆ. ಎರಡು ತಾಸಿನಲ್ಲಿ ಕ್ಲಾರಿಫೈಯರಿನ ಮೇಲೆ ಕೊಚ್ಚೆ ಕೆನೆ ಕಟ್ಟಿತ್ತು. ಹತ್ತಿರ ಬಗ್ಗಿ ಚಮಚೆಯಲ್ಲಿ ಎತ್ತಿ ನೋಡಿದೆ: ಬಗಾಸಿನ ಕೂದಲಿನಂಥ ಎಳೆಗಳು, ಒಂದೊಂದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು. ಮುಳುಗಬೇಕಾದ್ದನ್ನು ಗುಳ್ಳೆಗಳು ತೇಲಿಸುತ್ತಿದ್ದವು. ಫ್ಲ್ಯಾಶ್ ಟ್ಯಾಂಕಿನ ಕೆಲಸವೇ ಆ ಗಾಳಿಯನ್ನು ಬಿಡಿಸುವುದು, ರಸ ಕುದಿಬಿಂದು ದಾಟದಿದ್ದರೆ ಅದು ಬರೀ ಡಬ್ಬಿ. ಬಾಯ್ಲರ್ ಮನೆಯ ಪಾಠ ರಸದ ಮನೆಯಲ್ಲೂ ಅನ್ವಯಿಸುತ್ತದೆಂದು ತಿಳಿಯಲು ಆ ದಿನದ ಮಬ್ಬು ಸಕ್ಕರೆ ಬೇಕಾಯಿತು.

8. ನೇರಳೆ ಉಂಗುರವನ್ನು ಕಂಡೂ ಕಾಣದಂತಿದ್ದೆ

ಕಂಡೆನ್ಸೇಟಿಗೆ ಸಕ್ಕರೆ ಸೇರಿದರೆ ಬಾಯ್ಲರಿಗೆ ವಿಷ. ಕಾವಿನಲ್ಲಿ ಸಕ್ಕರೆ ಒಡೆದು ಹುಳಿಯಾಗುತ್ತದೆ, ನೀರು ಕಂದಾಗಿ ಸೀದ ವಾಸನೆ ಹೊಡೆಯುತ್ತದೆ. ಅದನ್ನು ಹಿಡಿಯಲು ಸರಳ ಪರೀಕ್ಷೆ ಇದೆ. ಪ್ರನಾಳದಲ್ಲಿ ಸ್ವಲ್ಪ ನೀರು, ನಾಲ್ಕು ಹನಿ ಆಲ್ಫಾ ನ್ಯಾಫ್ತಾಲ್, ಅಂಚಿನಿಂದ ಮೆಲ್ಲಗೆ ಗಂಧಕಾಮ್ಲ. ಎರಡು ದ್ರವ ಕೂಡುವಲ್ಲಿ ನೇರಳೆ ಉಂಗುರ ಮೂಡಿದರೆ ಸಕ್ಕರೆ ಇದೆ ಎಂದು ಅರ್ಥ.

ಒಂದು ನಸುಕಿನಲ್ಲಿ ತೆಳುವಾದ ಉಂಗುರ ಕಂಡಿತು, ಜಂಬುನೇರಳೆ ತಿಂದ ನಾಲಿಗೆಯಷ್ಟೇ ಬಣ್ಣ. ಆ ನೀರನ್ನು ಕೂಡಲೇ ಬಾಯ್ಲರಿಗೆ ತಪ್ಪಿಸಿ ಬೇರೆಡೆ ತಿರುಗಿಸಬೇಕಿತ್ತು. "ಇನ್ನೊಂದ್ಸಲ ನೋಡೋಣು" ಎಂದು ಪ್ರನಾಳ ತೊಳೆದು ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಮೂರನೆಯದು ಮುಗಿಯುವಷ್ಟರಲ್ಲಿ ಬಾಯ್ಲರ್ ನೀರಿನ ಪಿ.ಎಚ್. 10ರ ಮೇಲಿದ್ದದ್ದು 7ರತ್ತ ಜಾರಿತ್ತು. ಪರೀಕ್ಷೆ ಕೆಟ್ಟ ಸುದ್ದಿ ತಂದಾಗ ನಾವು ಪರೀಕ್ಷೆಯನ್ನೇ ಅನುಮಾನಿಸುತ್ತೇವೆ. ಈಗ ನನ್ನ ನಿಯಮ ಇಷ್ಟೇ: ಮೊದಲು ವಾಲ್ವ್ ತಿರುಗಿಸು, ಆಮೇಲೆ ಅನುಮಾನಿಸು.

9. ಗಾಣದ ಹಿರಿಯರಿಗೆ ಪಾಠ ಹೇಳಲು ಹೋದೆ

ನಮ್ಮೂರ ಕಡೆ ಇನ್ನೂ ಬೆಲ್ಲದ ಗಾಣಗಳಿವೆ. ಗೋಕಾಕದ ಕರದಂಟಿಗೆ ರುಚಿ ಬರುವುದು ಬೆಲ್ಲದಿಂದ. ಸಂಬಂಧಿಕರೊಬ್ಬರ ಗಾಣಕ್ಕೆ ಹೋದಾಗ, ರಸಕ್ಕೆ ಬೆಂಡೆಗಿಡದ ಕಾಂಡ ಜಜ್ಜಿದ ಲೋಳೆ ಹಾಕುವುದನ್ನು ನೋಡಿ, "ಇದೇನು ಮಾವಾ, ಸುಣ್ಣ ಇನ್ನಷ್ಟು ಹಾಕ್ರಿ, ಹೊಲಸು ತಾನಾಗೇ ಬರ್ತೈತಿ" ಎಂದೆ. ಸಾಹೇಬನ ಮಾತು ಮೀರಬಾರದೆಂದು ಹಾಕಿದರು. ಆ ಅಡಿಗೆಯ ಬೆಲ್ಲ ಇದ್ದಿಲಿನಂತೆ ಕಪ್ಪಾಯಿತು. ಸುಣ್ಣ ಹೆಚ್ಚಾದರೆ ರಸದ ಕೆಲವು ಸಕ್ಕರೆಗಳು ಒಡೆದು ಬಣ್ಣ ಕಟ್ಟುತ್ತವೆ ಎಂಬುದನ್ನು ನಾನೇ ಪುಸ್ತಕದಲ್ಲಿ ಓದಿದ್ದೆ!

ಮರುದಿನ ಅವರು ತಮ್ಮ ರೀತಿ ಮಾಡಿ ತೋರಿಸಿದರು. ಮೊದಲು ಉರಿ ಸಣ್ಣದು. ರಸ ಕುದಿಯುವ ಮುಂಚೆ, ಅಂಚಿನಲ್ಲಿ ಗುಳ್ಳೆ ಏಳುವಾಗ, ಲೋಳೆ ಕಸವನ್ನೆಲ್ಲ ಒಟ್ಟುಗೂಡಿಸಿ ದಪ್ಪ ಹೊದಿಕೆಯಂತೆ ಮೇಲೆ ತರುತ್ತದೆ. ಆ ಹೊದಿಕೆ ಬಿರಿಯುವ ಕ್ಷಣಕ್ಕೆ ಕಾದು, ಜಾಲರಿ ಸವಟಿನಿಂದ ಒಂದೇ ಬೀಸಿಗೆ ಬಳಿದು ತೆಗೆದರು. "ಕುದಿ ಬಿದ್ದ ಮ್ಯಾಲ ತಗ್ಯಾಕ ಬರಂಗಿಲ್ಲ, ಹೊಲಸು ಮತ್ತ ರಸದಾಗ ಕೂಡಿ ಹೋಗ್ತೈತಿ" ಎಂದರು. ಕ್ಲಾರಿಫೈಯರಿನಲ್ಲಿ ಗಾಳಿ ನನ್ನ ಶತ್ರು. ಇಲ್ಲಿ ಅದೇ ಗುಳ್ಳೆ ಕಸ ಹೊರುವ ಕೂಲಿಯಾಳು. ಗುಳ್ಳೆಯದು ತಪ್ಪಿಲ್ಲ, ಅದರ ಹೊತ್ತು ಅರಿಯುವುದರಲ್ಲಿ ಎಲ್ಲ ಇದೆ.

10. ನಿನ್ನೆಯ ಲೆಕ್ಕವನ್ನು ಇಂದಿನ ನೀರಿಗೆ ಹಾಕಿದೆ

ಬೇಸಿಗೆಯಲ್ಲಿ ಹಿಡಕಲ್ ಜಲಾಶಯದಿಂದ ಇಳಿದು ಬರುವ ನೀರು ತಿಳಿ. ಮಳೆ ಬಿದ್ದರೆ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಕೆಮ್ಮಣ್ಣಿನ ಬಣ್ಣ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕ ನಗರದೊಳಗೇ ನದಿ ನುಗ್ಗಿದ್ದನ್ನು ನಾವು ಮರೆತಿಲ್ಲ. ಕಾರ್ಖಾನೆಯ ಕಾಲೋನಿಯ ಕುಡಿಯುವ ನೀರು ತಿಳಿಯಾಗಲು ಆಲಂ, ಅಂದರೆ ಪಟಿಕ, ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ಮಳೆಗಾಲ, ನಿನ್ನೆ ಹಾಕಿದಷ್ಟೇ ಇಂದೂ ಹಾಕಿಸಿದೆ. ನೀರು ತಿಳಿಯಾಗಲಿಲ್ಲ. ದುಪ್ಪಟ್ಟು ಮಾಡಿಸಿದೆ, ಇನ್ನೂ ಕೆಟ್ಟಿತು. ಆಲಂ ಹೆಚ್ಚಾಗಿ ನೀರು ಹುಳಿಗೆ ತಿರುಗಿ, ಕಸ ಗಂಟು ಕಟ್ಟುವುದೇ ನಿಂತಿತ್ತು. ಆರು ಗಾಜಿನ ಜಾಡಿ ಸಾಲಿಟ್ಟು, ಆರು ಬೇರೆ ಬೇರೆ ಪ್ರಮಾಣ ಹಾಕಿ ಕಲಕಿ, ಅರ್ಧ ತಾಸು ಬಿಟ್ಟು ನೋಡಿದ್ದರೆ ನೀರೇ ಉತ್ತರ ಹೇಳುತ್ತಿತ್ತು. ಮನೆಯವಳು ಅಂದು ಬಟ್ಟೆ ಮಡಚಿ ಸೋಸಿ, ಕುದಿಸಿ ಕೊಟ್ಟಳು. ಏನೂ ಅನ್ನಲಿಲ್ಲ, ಲೋಟ ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು.

11. ಹಂಗಾಮು ಮುಗಿಯಿತೆಂದು ಬೀಗ ಹಾಕಿದೆ

ಬೇಸಿಗೆಗೆ ಕಬ್ಬು ಮುಗಿಯುತ್ತದೆ. ಒಂದು ವರ್ಷ ಬಾಯ್ಲರಿನ ನೀರನ್ನು ಅರ್ಧ ಇಳಿಸಿ ಊರಿಗೆ ಹೋದೆ. ಅರ್ಧ ನೀರು, ಅರ್ಧ ಗಾಳಿ, ನಡುವೆ ಇಡೀ ಮಳೆಗಾಲ. ದಸರಾ ಮುಂಚೆ ತೆರೆದು ನೋಡಿದರೆ ನೀರು ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಡ್ರಮ್ಮಿನ ಸುತ್ತ ಗುಳಿಗಳ ಸರ. ಬಾಯ್ಲರ್ ಓಡುವಾಗ ಸವೆದದ್ದಕ್ಕಿಂತ ಮಲಗಿದಾಗ ಸವೆದದ್ದೇ ಹೆಚ್ಚು. ಪೂರ್ತಿ ಒಣಗಿಸಿ, ಒಳಗೆ ಸುಣ್ಣದ ಹರಳಿನ ತಟ್ಟೆ ಇಟ್ಟು ಮುಚ್ಚಬೇಕು. ಇಲ್ಲವೇ ಸಲ್ಫೈಟ್ ಬೆರೆಸಿದ ಕ್ಷಾರದ ನೀರನ್ನು ಗಾಳಿಗೆ ಎಡೆಯಿಲ್ಲದಂತೆ ಕಂಠಪೂರ್ತಿ ತುಂಬಿಡಬೇಕು. ನಾನು ಮಾಡಿದ ಅರ್ಧಂಬರ್ಧಕ್ಕಿಂತ ಕೆಟ್ಟದ್ದು ಬೇರಿಲ್ಲ.

ಇಷ್ಟು ಬರೆದ ಮೇಲೆ ಫೈರ್‌ಮನ್ ಕಾಕಾ ನೆನಪಾಗುತ್ತಾರೆ. ಅವರು ನಿವೃತ್ತರಾಗುವ ದಿನ ನಾನು ಆ ವೆಂಟ್ ವಾಲ್ವಿನ ಹಿಡಿಯನ್ನೇ ಬಿಚ್ಚಿಸಿ, ಅದರ ತಟ್ಟೆಯಲ್ಲಿ ಒಂದು ಸಣ್ಣ ತೂತು ಕೊರೆಸಿದೆ. ಇನ್ನು ಯಾವ ಜಾಣ ಪೂರ್ತಿ ಮುಚ್ಚಿದರೂ ಗಾಳಿ ಹೋಗಲು ಅಷ್ಟು ದಾರಿ ಇರುತ್ತದೆ. ಅವರು ಏಣಿ ಹತ್ತಿ ನೋಡಿ, "ಈಗ ಉಸಿರಾಡ್ತೈತಿ ಬಿಡ್ರಿ" ಎಂದು ಇಳಿದರು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನನ್ನ ವಿನಂತಿ ಒಂದೇ. ನಿಮ್ಮ ಕಾರ್ಖಾನೆಯ ನೆತ್ತಿಯಲ್ಲಿ ಎರಡು ಮೊಳದ ಬಿಳಿ ಜುಟ್ಟು ಕಂಡರೆ ಹೊಟ್ಟೆ ಉರಿಸಿಕೊಳ್ಳಬೇಡಿ. ಅದು ಕಾಣದ ದಿನ ಏಣಿ ಹತ್ತಿ.